ಗಂಡುಗರುಗಳ ವಿಷಯ ನೀನು ಬರೆಯಲಿಲ್ಲ

ಫೆಬ್ರವರಿ 9, 2003

ಅಕ್ಕನಿಗೆ,

ಸುಖವಾಗಿ ತಲುಪಿದೆ. ವಿಮಾನದಲ್ಲಿ ಕಟ್ಟಿಕೊಂಡ ಕಿವಿ ಮೂರು ದಿನ ಬಿಡಲಿಲ್ಲ. ಬಿಟ್ಟಾಗ ಮೊದಲು ಕೇಳಿಸಿದ್ದು ಹಸುವಿನ ಕೂಗು. ನಮ್ಮ ಕೊಟ್ಟಿಗೆಯ ಪಕ್ಕದಲ್ಲೇ ಮಲಗಿದ್ದೇನೆ ಅನ್ನಿಸಿತು. ಎದ್ದು ನೋಡಿದರೆ ಮೂರು ಸಾವಿರದ ಇನ್ನೂರು ಹಸು. ಎತ್ತು ಈಯಿತು ಅಂತ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ, ಲೆಕ್ಕ ಗೋಡೆಯ ಮೇಲೇ ಬರೆದಿದೆ.

ಹಾಲು ಕರೆಯುವ ಜಾಗ ಅಂದರೆ ಚಕ್ರದಂಥ ಒಂದು ದೊಡ್ಡ ಕಟ್ಟೆ. ಒಂದು ಸಲಕ್ಕೆ ಅರವತ್ತು ಹಸು ಹತ್ತಿ ನಿಲ್ಲುತ್ತವೆ, ಕಟ್ಟೆ ನಿಧಾನಕ್ಕೆ ಸುತ್ತುತ್ತದೆ. ನಾವು ನಿಂತಲ್ಲೇ ನಿಂತು ಎದುರಿಗೆ ಬಂದ ಕೆಚ್ಚಲಿಗೆ ನಾಲ್ಕು ಕೊಳವೆ ಸಿಕ್ಕಿಸಬೇಕು. ಒಂದು ಸುತ್ತು ಮುಗಿಯುವಷ್ಟರಲ್ಲಿ ಹಾಲು ಖಾಲಿ, ಹಸು ಹಿಂದೆ ಹೆಜ್ಜೆಯಿಟ್ಟು ಇಳಿಯುತ್ತದೆ. ಮೊದಲ ವಾರ ನಾನು ಒಂದು ಹಸುವಿನ ಮುಖವನ್ನೂ ನೋಡಲಿಲ್ಲ.

ಮಂಗಳವಾರ ಒಂದು ಹಸು ಈಯಲಾಗದೆ ಬಿದ್ದುಬಿಟ್ಟಿತ್ತು. ಕರುವಿನ ಮುಂಗಾಲು ಒಳಗೇ ಮಡಚಿಕೊಂಡಿದೆ, ಇಬ್ಬರು ಆಳುಗಳು ಸರಪಳಿ ಹಾಕಿ ಎಳೆಯುತ್ತಿದ್ದಾರೆ. ನನಗೆ ತಡೆಯಲಾಗಲಿಲ್ಲ. ಅವರನ್ನು ಪಕ್ಕಕ್ಕೆ ಸರಿಸಿ, ಮೊಣಕೈವರೆಗೆ ಸೋಪು ಸವರಿಕೊಂಡು, ನೀನು ಕಲಿಸಿದ ಹಾಗೆ ಕರುವನ್ನು ಮೊದಲು ಹಿಂದಕ್ಕೆ ತಳ್ಳಿ, ಗೊರಸನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ಕಾಲು ಬಿಡಿಸಿದೆ. ಹತ್ತು ನಿಮಿಷಕ್ಕೆ ಕರು ಹೊರಗೆ. ಹೆಣ್ಣು. ಶೆಡ್ಡಿನ ಮೇಸ್ತ್ರಿ ಕೈಕಟ್ಟಿಕೊಂಡು ನೋಡುತ್ತಿದ್ದ. ಮರುದಿನವೇ ನನ್ನನ್ನು ಕಟ್ಟೆಯಿಂದ ಕರುಗಳ ವಿಭಾಗಕ್ಕೆ ಹಾಕಿದರು, ಸಂಬಳವೂ ಸ್ವಲ್ಪ ಹೆಚ್ಚು. ಇದಿಷ್ಟೂ ನಿನ್ನ ವಿದ್ಯೆಯ ಪುಣ್ಯ.

ಕರಾರು ವರ್ಷ ವರ್ಷಕ್ಕೆ ಬರೆಸಿಕೊಳ್ಳುತ್ತಾರೆ. ಮೂರು ವರ್ಷ, ಅಷ್ಟೇ. ಬಂದ ಮೇಲೆ ಮೂವತ್ತು ಹಸುವಿನ ಕೊಟ್ಟಿಗೆ. ನೀನು ತಳಪಾಯ ತೆಗೆಸಲು ಶುರುಮಾಡು. ಫೋನು ಶೆಡ್ಡಿನ ಆಫೀಸಿನಲ್ಲಿದೆ, ಆದರೆ ಮಾತಾಡುವಾಗ ಮೇಸ್ತ್ರಿ ಗಡಿಯಾರ ನೋಡುತ್ತಾನೆ. ಕಾಗದವೇ ವಾಸಿ.

ನಿನ್ನ
ತಮ್ಮ


ಮಾರ್ಚ್ 6, 2003

ತಮ್ಮನಿಗೆ,

ನಿನ್ನ ಕಾಗದ ಓದಿ ಓದಿ ಮಡಿಕೆಯಲ್ಲಿ ಹರಿಯುವ ಹಾಗಾಗಿದೆ. ಡೈರಿಯಲ್ಲಿ ಹಾಲು ಹಾಕಲು ಸಾಲುಗಟ್ಟಿ ನಿಂತವರಿಗೆಲ್ಲ ಓದಿ ಹೇಳಿದೆ. ನಮ್ಮ ಸೆಕ್ರೆಟರಿ ಲ್ಯಾಕ್ಟೋಮೀಟರು ಗೊತ್ತಲ್ಲ, ಹಾಲಿಗಷ್ಟೇ ಅಲ್ಲ, ಮನುಷ್ಯರ ಮಾತಿಗೂ ಕಡ್ಡಿ ಅದ್ದಿ ನೀರೆಷ್ಟು ಅಂತ ನೋಡುವವನು. ಮೂರು ಸಾವಿರ ಹಸು ಅಂದದ್ದಕ್ಕೆ, "ಕಾಗದಕ್ಕೆ ನೀರು ಸೇರಿದೆ" ಅಂದ. ಆದರೆ ಕರುವಿನ ಕಾಲು ಬಿಡಿಸಿದ ಭಾಗ ಬಂದಾಗ ಅವನೂ ಬಾಯಿ ಮುಚ್ಚಿಕೊಂಡು ಕೇಳಿದ.

ನಿನ್ನನ್ನು ಕರುಗಳಿಗೇ ಹಾಕಿದ್ದು ಕೇಳಿ ನನಗೆ ಎಷ್ಟು ನೆಮ್ಮದಿಯಾಯಿತು ಗೊತ್ತಾ? ಯಂತ್ರದ ಮುಂದೆ ನಿಲ್ಲುವುದಕ್ಕೆ ಯಾರಾದರೂ ಆದೀತು, ಕರು ಉಳಿಸುವುದಕ್ಕೆ ಕೈ ಬೇಕು. ಹುಟ್ಟಿದ ಗಂಟೆಯೊಳಗೆ ಗಿಣ್ಣುಹಾಲು ಹೊಟ್ಟೆಗೆ ಬೀಳಲೇಬೇಕು, ಮರೆಯಬೇಡ. ಹೊಕ್ಕುಳಿಗೆ ಅಯೋಡಿನ್ ಹಚ್ಚು. ಭೇದಿ ಶುರುವಾದರೆ ಹಾಲು ನಿಲ್ಲಿಸಿ ಉಪ್ಪು ಸಕ್ಕರೆಯ ನೀರು ಕೊಡು. ಕರು ಹೆದರಿ ನಡುಗಿದರೆ ಬೆರಳು ಬಾಯಿಗಿಟ್ಟು ಚೀಪಲು ಬಿಡು, ಅದಕ್ಕಿಂತ ದೊಡ್ಡ ಸಮಾಧಾನ ಅದಕ್ಕೆ ಬೇರೆ ಇಲ್ಲ. ಇಷ್ಟು ಹಸು ಇರುವ ಕಡೆ ಗಂಡುಗರು ಅಂದರೆ ಅಸಡ್ಡೆ ಇರುತ್ತದೆ. ನೀನು ಭೇದ ಮಾಡಬೇಡ. ದಿನಕ್ಕೆ ಎಷ್ಟು ಹುಟ್ಟುತ್ತವೆ, ಗಂಡುಗರುಗಳನ್ನು ಎಲ್ಲಿ ಸಾಕುತ್ತಾರೆ, ಎಲ್ಲಾ ವಿವರವಾಗಿ ಬರೆ.

ತಳಪಾಯಕ್ಕೆ ಅಗೆಸಿದ್ದೇನೆ, ಎದೆಮಟ್ಟ ಗುಂಡಿಯಾಗಿದೆ. ಹನ್ನೊಂದು ಹಸುಗಳೂ ಚೆನ್ನಾಗಿವೆ, ದೊಡ್ಡವಳು ಮತ್ತೆ ಈಗಷ್ಟೇ ಗಬ್ಬವಾಗಿದ್ದಾಳೆ. ಇನ್ನು ಭಾನುವಾರ ಹಾಲು ಹಾಕಿಸಿಕೊಳ್ಳುವುದಿಲ್ಲ ಅಂತ ಡೈರಿಯಲ್ಲಿ ಬೋರ್ಡು ಬಿದ್ದಿದೆ. ಪಟ್ಟಣದ ಫ್ಯಾಕ್ಟರಿಯಲ್ಲಿ ಯಂತ್ರ ರಿಪೇರಿಯಂತೆ.

ಅಕ್ಕ


ಮೇ 11, 2003

ಅಕ್ಕನಿಗೆ,

ತಡವಾಯಿತು, ಕೈತುಂಬ ಕೆಲಸ. ಈಗ ಹಸುಗಳು ಈಯುವ ಕಾಲ. ದಿನಕ್ಕೆ ಇಪ್ಪತ್ತು, ಕೆಲವು ದಿನ ಮೂವತ್ತು. ನೀನು ಹೇಳಿದ್ದು ಯಾವುದನ್ನೂ ಮರೆತಿಲ್ಲ. ಕರುಗಳೆಲ್ಲ ಚೆನ್ನಾಗಿವೆ. ಗಂಡುಗರುಗಳನ್ನು ಬೇರೆ ಕಡೆ ಇಡುತ್ತಾರೆ.

ಒಂದು ಫೋಟೋ ಇಟ್ಟಿದ್ದೇನೆ. ನೀಲಿ ಬಟ್ಟೆ ಇಲ್ಲಿನ ಸಮವಸ್ತ್ರ. ಎದೆಯ ಮೇಲಿನ ಗುರುತು ಕಂಪನಿಯದು: ಹಾಲಿನ ಹನಿ, ಅದರ ತಲೆಗೊಂದು ಕಿರೀಟ. ಬಟ್ಟೆ ಬದಲಾಯಿಸಿದರೂ ವಾಸನೆ ಹೋಗುವುದಿಲ್ಲ. ಸಣ್ಣಗಾಗಿದ್ದೇನೆ ಅಂತ ಗಾಬರಿಯಾಗಬೇಡ, ಅದು ಬಟ್ಟೆ ದೊಡ್ಡದಾಗಿರುವುದರಿಂದ.

ತಮ್ಮ


ಜುಲೈ 3, 2003

ತಮ್ಮನಿಗೆ,

ಈ ಕಾಗದವನ್ನು ಕೂತು ಓದು.

ಭಾನುವಾರದ ಹಾಲು ನಿಂತಿದ್ದು ಬರೆದಿದ್ದೆನಲ್ಲ. ಆಮೇಲೆ ಸಂಜೆಯ ಹಾಲು ನಿಂತಿತು. ಆಮೇಲೆ ಬೆಳಗಿನ ಹಾಲಿನ ದರ ಇಳಿಸಿದರು. ನಿನಗೆ ಯಾಕೆ ಚಿಂತೆ ಅಂತ ನಾನು ಬರೆಯಲಿಲ್ಲ. ಹೋದ ವಾರ ಮತ್ತೆ ಇಳಿಸಿದರು. ಹಿಂಡಿಗೆ ಕೊಟ್ಟಷ್ಟೂ ಹಾಲಿನಿಂದ ಹುಟ್ಟುವುದಿಲ್ಲ. ಲ್ಯಾಕ್ಟೋಮೀಟರನನ್ನು ಕೇಳಿದರೆ, ತನ್ನ ಕೈಲಿ ಏನೂ ಇಲ್ಲ, ಫ್ಯಾಕ್ಟರಿಯನ್ನೇ ಕೇಳಿ ಅಂದ. ಹಾಗಾದರೆ ನೀನೂ ನಡೆ ಅಂತ ಅವನನ್ನೂ ಕರೆದುಕೊಂಡು ಹದಿನಾಲ್ಕು ಜನ ಹಾಲಿನ ವ್ಯಾನಿನಲ್ಲೇ ಹೋದೆವು.

ಯಂತ್ರ ಯಾವುದೂ ಕೆಟ್ಟಿರಲಿಲ್ಲ. ಗೋದಾಮಿನ ತುಂಬ ಸೂರಿನವರೆಗೆ ಕಾಗದದ ಮೂಟೆಗಳು. ಇಬ್ಬರು ಹೆಂಗಸರು ಚಾಕುವಿನಿಂದ ಮೂಟೆ ಸೀಳಿ ಬಿಳಿ ಪುಡಿಯನ್ನು ನೀರಿನ ತೊಟ್ಟಿಗೆ ಸುರಿಯುತ್ತಿದ್ದರು, ಕೆಳಗಿನ ನಲ್ಲಿಯಲ್ಲಿ ಹಾಲು ಬರುತ್ತಿತ್ತು. ಲ್ಯಾಕ್ಟೋಮೀಟರು ಜೇಬಿನಿಂದ ತನ್ನ ಕಡ್ಡಿ ತೆಗೆದು ಅದ್ದಿ ನೋಡಿದ. ಡಿಗ್ರಿ ಸರಿಯಾಗಿದೆ ಅಂತ ಪೆಚ್ಚುಮುಖ ಹಾಕಿದ.

ಮೂಟೆಯ ಮೇಲೆ ಏನಿತ್ತು ಗೊತ್ತಾ? ಹಾಲಿನ ಹನಿ, ಅದರ ತಲೆಗೊಂದು ಕಿರೀಟ. ನಾನು ಧೂಳು ಒರೆಸಿ ನೋಡಿದೆ. ಸುಳ್ಳು ಹೇಳುವುದಿಲ್ಲ, ಮೊದಲ ಗಳಿಗೆ ನನ್ನ ತಮ್ಮನನ್ನೇ ಕಂಡ ಹಾಗಾಗಿ ಖುಷಿಯಾಯಿತು.

ಮ್ಯಾನೇಜರು ಒಳ್ಳೆಯ ಮಾತಿನವನು, ಕುರ್ಚಿ ಹಾಕಿಸಿದ. "ನಿಮ್ಮ ಹಾಲು ತಂದು, ತಂಪು ಮಾಡಿ ಇಡೋ ಖರ್ಚಿಗೇ ಈ ಪುಡಿ ಸಮುದ್ರ ದಾಟಿ ಬಂದು ನನ್ನ ಬಾಗಿಲಿಗೆ ಬೀಳುತ್ತಮ್ಮ. ಬಂದರಿನಲ್ಲಿ ಸುಂಕ ತೆಗೆದುಬಿಟ್ಟಿದ್ದಾರೆ. ನಿಮ್ಮ ಮೇಲೆ ನನಗೇನು ಹಗೆ?" ಅಂದ.

ನನಗೆ ತಿಳಿಯುವುದು ಒಂದೇ. ಅಷ್ಟು ಅಗ್ಗಕ್ಕೆ ಅವರು ಹೇಗೆ ಕೊಡುತ್ತಾರೆ? ಯಾವ ಮೇವು, ಯಾವ ತಳಿ? ಏನೋ ಗುಟ್ಟು ಇರಲೇಬೇಕು. ನೀನು ಅದರ ಹೊಟ್ಟೆಯೊಳಗೇ ಇದ್ದೀಯ. ಕಣ್ಣು ಬಿಟ್ಟು ನೋಡು, ಕಲಿತುಕೋ, ಬಂದು ನಮಗೂ ಕಲಿಸು. ಅಲ್ಲಿಯವರೆಗೆ ನಾನು ಹೇಗಾದರೂ ಹಸುಗಳನ್ನು ಹಿಡಿದುಕೊಂಡಿರುತ್ತೇನೆ.

ಅಕ್ಕ

ಇನ್ನೊಂದು. ದೊಡ್ಡವಳು ಕಾರ್ತಿಕ ಕಳೆದು, ಡಿಸೆಂಬರಿನ ಹೊತ್ತಿಗೆ ಈಯಬಹುದು. ಗಂಡುಗರುಗಳನ್ನು ಬೇರೆ ಕಡೆ ಇಡುತ್ತಾರೆ ಅಂತ ನೀನು ಬರೆದೆ, ಯಾರು ನೋಡಿಕೊಳ್ಳುತ್ತಾರೆ ಅಂತ ಬರೆಯಲಿಲ್ಲ.


ಆಗಸ್ಟ್ 2, 2003

ಅಕ್ಕನಿಗೆ,

ಗುಟ್ಟು ಏನೂ ಇಲ್ಲ. ಇಲ್ಲಿ ಸರ್ಕಾರ ಹಸು ಸಾಕುವವರಿಗೆ ದುಡ್ಡು ಕೊಡುತ್ತದೆ. ಹಾಲು ಹೆಚ್ಚಾಗುತ್ತದೆ. ಇಲ್ಲಿನ ಜನ ಕುಡಿದು ಮಿಕ್ಕಿದ್ದನ್ನು ಒಣಗಿಸಿ, ಸಿಕ್ಕಿದ ಬೆಲೆಗೆ ಹೊರಗೆ ತಳ್ಳುತ್ತಾರೆ. ಇಲ್ಲಿನ ಅಂಗಡಿಯಲ್ಲಿ ಹಾಲು ನೀನು ಮಾರುವುದಕ್ಕಿಂತ ದುಬಾರಿ. ನಮಗೆ ಬರುವುದು ಇವರಿಗೆ ಬೇಡದ್ದು.

ಹಸು ನಾಲ್ಕನೇ ಸೂಲು ಕಂಡರೆ ಹೆಚ್ಚು. ಹಾಲು ಇಳಿಯಿತೋ, ಲಾರಿ. ನಮ್ಮ ದೊಡ್ಡವಳು ಇಲ್ಲಿದ್ದಿದ್ದರೆ ಏಳು ವರ್ಷದ ಹಿಂದೆಯೇ ಹೋಗಿರುತ್ತಿದ್ದಳು. ಇದನ್ನು ನೀನು ಕಲಿಯುತ್ತೀಯ?

ನನ್ನ ಮಾತು ಕೇಳು, ಬೆಲೆ ಇರುವಾಗಲೇ ಎಲ್ಲವನ್ನೂ ಮಾರಿಬಿಡು. ಇಲ್ಲಿ ಪುಡಿ ಮಾಡುವ ಇನ್ನೊಂದು ಗೋಪುರ ಕಟ್ಟುತ್ತಿದ್ದಾರೆ. ಬರುವ ವರ್ಷ ಈಗಿನ ಎರಡರಷ್ಟು ಬರುತ್ತದೆ. ಹನ್ನೊಂದು ಹಸು ಕಟ್ಟಿಕೊಂಡು ನೀನು ಯಾರ ಮೇಲೆ ಪೈಪೋಟಿಗೆ ನಿಂತಿದ್ದೀಯ? ಇಲ್ಲಿ ಒಂದು ದಿನಕ್ಕೆ ಕುಂಟಿ ಬೀಳುವ ಹಸುಗಳೇ ಹನ್ನೊಂದು. ಹಟ ಮಾಡಿದರೆ ನಗುವವರು ಹೆಚ್ಚು, ಹಾಲು ಕೊಳ್ಳುವವರು ಯಾರೂ ಇಲ್ಲ.

ತಳಪಾಯದ ಕೆಲಸ ನಿಲ್ಲಿಸು.

ತಮ್ಮ


ಸೆಪ್ಟೆಂಬರ್ 28, 2003

ತಮ್ಮನಿಗೆ,

ಅಕ್ಷರ ನಿನ್ನದೇ, ಮಾತು ಆ ಮೇಸ್ತ್ರಿಯದು.

ನಾನು ಮಾರಲಿಲ್ಲ. ನಿನ್ನ ಕಾಗದ ಬಂದ ವಾರವೇ ಮೂರು ಊರಿನ ಜನ ಸೇರಿ ನಲವತ್ತು ಕ್ಯಾನು ಹಾಲನ್ನು ಫ್ಯಾಕ್ಟರಿಯ ಗೇಟಿನ ಮುಂದೆ ಸುರಿದೆವು. ಮೊದಲ ಕ್ಯಾನು ಸುರಿದಿದ್ದು ನಾನು. ಮ್ಯಾನೇಜರು ಹೊರಗೆ ಬರುತ್ತಾನೆ, ಬಯ್ಯುತ್ತಾನೆ, ಪೊಲೀಸರನ್ನು ಕರೆಯುತ್ತಾನೆ, ಏನಾದರೊಂದು ಮಾಡುತ್ತಾನೆ ಅಂದುಕೊಂಡಿದ್ದೆವು. ಅವನು ಕಿಟಕಿಯಿಂದ ನೋಡಿ ಒಬ್ಬ ಆಳಿನ ಕೈಲಿ ನೀರಿನ ಪೈಪು ಕೊಟ್ಟು ಕಳಿಸಿದ. ಆಳು ನಮ್ಮ ಕಾಲಿಗೆ ಸಿಡಿಯದ ಹಾಗೆ ಜೋಪಾನವಾಗಿ ತೊಳೆದ. ಸರಿದುಕೊಳ್ಳಿ ಅಂತ ಒಬ್ಬೊಬ್ಬರಿಗೂ ಮರ್ಯಾದೆಯಿಂದ ಹೇಳಿದ. ಅಷ್ಟೇ.

ಮರುದಿನದಿಂದ ವ್ಯಾನು ಬರಲಿಲ್ಲ. ಡೈರಿಗೆ ಬೀಗ ಬಿದ್ದಿದೆ. ಲ್ಯಾಕ್ಟೋಮೀಟರನ ಕೆಲಸ ಹೋಯಿತು. ಅವನು ದಿನಾ ಬೆಳಿಗ್ಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಬೀಗದ ಮುಂದಿನ ಮೆಟ್ಟಿಲ ಮೇಲೆ ಕೂರುತ್ತಾನೆ. ನಿನ್ನಿಂದಲೇ ಹೀಗಾಯಿತು ಅಂತ ಅವನ ಹೆಂಡತಿ ಬಾವಿಕಟ್ಟೆಯಲ್ಲಿ ನನಗೆ ಎಲ್ಲರೆದುರು ಅಂದಳು. ಅರ್ಧ ತುಂಬಿದ ಕೊಡ ಎತ್ತಿಕೊಂಡು ಮನೆಗೆ ಬಂದೆ.

ಕೊಳ್ಳುವವರಿಲ್ಲ ಅಂತ ಕೆಚ್ಚಲಿಗೆ ಹೇಳಿದರೆ ಕೇಳುತ್ತದೆಯೇ? ದಿನಕ್ಕೆ ಎರಡು ಹೊತ್ತು ಕರೆಯುತ್ತೇನೆ. ಕರುಗಳು ಕುಡಿದು ಬಿಟ್ಟದ್ದನ್ನು ನಿನ್ನ ತಳಪಾಯದ ಗುಂಡಿಗೆ ಸುರಿಯುತ್ತೇನೆ. ಅದು ಒಡೆದು, ಹುಳಿತು, ಊರಿನ ನೊಣವೆಲ್ಲ ಅಲ್ಲೇ. ನೆರೆಯವರು ಮುಖ ತಿರುಗಿಸಿಕೊಂಡು ಓಡಾಡುತ್ತಾರೆ.

ನಿನ್ನನ್ನು ಒಂದು ಕೇಳುತ್ತೇನೆ. ಮೂರು ಸಾವಿರ ಹಸುವಿನ ಹಾಲನ್ನೆಲ್ಲ ಒಣಗಿಸಿ ನಮ್ಮ ತಲೆಯ ಮೇಲೆ ಸುರಿದರೆ, ಅಲ್ಲಿನ ಕರುಗಳು ಏನು ಕುಡಿಯುತ್ತವೆ? ದಿನಕ್ಕೆ ಮೂವತ್ತು ಕರು ಹುಟ್ಟಿದರೆ ಹದಿನೈದಾದರೂ ಗಂಡು. ವರ್ಷಕ್ಕೆ ಎಷ್ಟಾಯಿತು? ಹಾಲು ಕೊಡದ ಅಷ್ಟು ಬಾಯಿಗಳನ್ನು ಆ ಲೆಕ್ಕದ ಜನ ಯಾವ ಪುಣ್ಯಕ್ಕೆ ಸಾಕುತ್ತಾರೆ? ಮೂರು ಸಲ ಕೇಳಿದೆ. ಗಂಡುಗರುಗಳ ವಿಷಯ ನೀನು ಬರೆಯಲಿಲ್ಲ.

ಅಕ್ಕ


ಅಕ್ಟೋಬರ್ 19, 2003

ಅಕ್ಕನಿಗೆ,

ನಿನ್ನ ಕಾಗದ ಬಂತು. ಬರೆಯಲು ಕೂತೆ, ಎದ್ದೆ. ಹಸುಗಳನ್ನು ಮಾರಲು ಹೇಳಿದ್ದು ತಪ್ಪಾಯಿತು. ಮಾರಬೇಡ. ಉಳಿದದ್ದು ಇನ್ನೊಮ್ಮೆ ಬರೆಯುತ್ತೇನೆ.

ತಮ್ಮ


ನವೆಂಬರ್ 16, 2003

ಅಕ್ಕನಿಗೆ,

ಗಂಡುಗರುಗಳನ್ನು ಬೇರೆ ಕಡೆ ಇಡುವುದಿಲ್ಲ. ಹುಟ್ಟಿದ ದಿನವೇ ಮುಗಿಸುತ್ತಾರೆ. ಮುಗಿಸುವವನು ನಾನು.

ಈ ತಳಿಯ ಗಂಡುಗರುವಿಗೆ ಮಾಂಸವೂ ಕೂಡುವುದಿಲ್ಲ, ಸಾಕಿದರೆ ನಷ್ಟ. ಶೆಡ್ಡಿನ ಹಿಂದೆ ಸಿಮೆಂಟಿನ ಒಂದು ಕೋಣೆಯಿದೆ, ನೆಲ ಇಳಿಜಾರು. ಕೈಯಲ್ಲಿ ಹಿಡಿಯುವ ಪಿಸ್ತೂಲಿನಂಥದ್ದು ಕೊಡುತ್ತಾರೆ. ಅದರಲ್ಲಿ ಗುಂಡು ಇರುವುದಿಲ್ಲ, ಒಂದು ಮೊಳೆ ಹೊರಗೆ ಬಂದು ಒಳಗೆ ಹೋಗುತ್ತದೆ. ಹಣೆಯಲ್ಲಿ ಎಲ್ಲಿ ಒತ್ತಬೇಕು ಅಂತ ಮೇಸ್ತ್ರಿ ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದು ತೋರಿಸಿದ. ನನಗಿಂತ ಮುಂಚೆ ಇದ್ದವನ ಕೈಗೆ ಕರುಗಳು ಹೆದರಿ ಒದ್ದಾಡುತ್ತಿದ್ದವಂತೆ, ಹೊತ್ತು ಹಿಡಿಯುತ್ತಿತ್ತಂತೆ. ನಾನು ಆ ಹಸುವಿಗೆ ಹೆರಿಗೆ ಮಾಡಿಸಿದ್ದು ನೋಡಿ ಮೇಸ್ತ್ರಿ ನನ್ನನ್ನು ಯಾಕೆ ಆರಿಸಿದ ಅಂತ ನನಗೆ ನಿನಗೆ ಬರೆದ ಮೊದಲ ಕಾಗದ ಹಾಕಿದ ಮರುದಿನ ತಿಳಿಯಿತು. ಭುಜ ತಟ್ಟಿ, "ನಿನ್ನ ಕೈಗೆ ಅವು ಹೆದರಲ್ಲ" ಅಂದ.

ಹೆದರುವುದಿಲ್ಲ, ನಿಜ. ನಾನು ಎಡಗೈ ಬೆರಳನ್ನು ಬಾಯಿಗಿಡುತ್ತೇನೆ. ನೀನು ಹೇಳಿದ ಹಾಗೆಯೇ. ಅದು ಚೀಪಲು ಶುರುಮಾಡುತ್ತದೆ, ಬಾಲ ಅಲ್ಲಾಡಿಸುತ್ತದೆ. ಆಗ ಬಲಗೈ. ಮೇ ತಿಂಗಳಲ್ಲಿ ಒಂದು ದಿನ ಹತ್ತೊಂಬತ್ತು. ಎಡಗೈ ಬೆರಳ ತುದಿಯ ಚರ್ಮ ಹಾಲುಹಲ್ಲು ತಾಗಿ ತಾಗಿ ಸುಲಿದಿದೆ.

ನಿನ್ನ ಮೊದಲ ಕಾಗದ ಬಂದಾಗ ನಾನಾಗಲೇ ನೂರು ದಾಟಿದ್ದೆ. ಅಯೋಡಿನ್ ಹಚ್ಚು ಅಂತ ನೀನು ಬರೆದಿದ್ದೆ. ಆಮೇಲೆ ನಿನ್ನ ಕಾಗದದ ಲಕೋಟೆ ಕಂಡರೆ ಸಿಟ್ಟು ಬರತೊಡಗಿತು. ಆಗಸ್ಟಿನಲ್ಲಿ ಅಷ್ಟು ಕೆಟ್ಟದಾಗಿ ಬರೆದದ್ದು ಅದಕ್ಕೇ. ನಿನಗೂ ಹಸು ಇಲ್ಲದಂತಾದರೆ ನೀನು ಕರುಗಳ ವಿಷಯ ಕೇಳುವುದನ್ನು ನಿಲ್ಲಿಸುತ್ತೀಯ ಅಂತ ಲೆಕ್ಕ ಹಾಕಿದ್ದೆ.

ಜನವರಿಯ ಕೊನೆಗೆ ಒಂದು ವರ್ಷದ ಕರಾರು ಮುಗಿಯುತ್ತದೆ. ಮತ್ತೆ ಸಹಿ ಹಾಕುವುದಿಲ್ಲ. ಬಂದುಬಿಡುತ್ತೇನೆ. ಡೈರಿ ಇಲ್ಲದಿದ್ದರೆ ಬೇಡ, ಸೈಕಲ್ಲಿಗೆ ಕ್ಯಾನು ಕಟ್ಟಿಕೊಂಡು ಮನೆಮನೆಗೆ ಹಾಕುತ್ತೇನೆ. ಎರಡು ಹಸು ಉಳಿಸಿಟ್ಟರೂ ಸಾಕು. ದೊಡ್ಡವಳು ಈದಾಗ ಗಂಡಾದರೂ ಅದನ್ನು ಸಾಕೋಣ. ನನಗೆ ಒಂದು ಗಂಡುಗರು ದೊಡ್ಡದಾಗುವುದನ್ನು ನೋಡಬೇಕು.

ತಮ್ಮ


ಡಿಸೆಂಬರ್ 14, 2003

ಅಕ್ಕನಿಗೆ,

ನಿನ್ನಿಂದ ಕಾಗದವಿಲ್ಲ. ಬಯ್ದಾದರೂ ಬರೆ. ಮೇಸ್ತ್ರಿ ಇನ್ನೂ ಮೂರು ವರ್ಷದ ಕರಾರಿನ ಕಾಗದ ಮುಂದಿಟ್ಟಿದ್ದಾನೆ, ನಾನು ಮುಟ್ಟಿಲ್ಲ. ದೊಡ್ಡವಳು ಈದಳೇ?

ತಮ್ಮ


ಡಿಸೆಂಬರ್ 20, 2003

ತಮ್ಮನಿಗೆ,

ನಿನ್ನ ನವೆಂಬರಿನ ಕಾಗದ ಸಿಕ್ಕಿತು. ಸಿಕ್ಕ ದಿನ ನನ್ನ ಹತ್ತಿರ ಹಸುಗಳಿರಲಿಲ್ಲ. ಹಿಂದಿನ ವಾರವೇ ಒಂದು ಲಾರಿಗೆ ಹತ್ತಿಸಿದ್ದೆ. ಮೇವು ಮುಗಿದಿತ್ತು, ಎಲ್ಲರೂ ಮಾರುತ್ತಿದ್ದರು, ವ್ಯಾಪಾರಿ ಹೇಳಿದ್ದೇ ಬೆಲೆ. ಮಾರಬೇಡ ಅಂತ ನೀನು ಎರಡು ಸಾಲು ಬರೆದಿದ್ದೆ. ಎರಡು ಸಾಲನ್ನು ಹಸುಗಳಿಗೆ ಹಾಕಲಾಗುವುದಿಲ್ಲ.

ದೊಡ್ಡವಳು ಲಾರಿ ಬರುವ ಎರಡು ದಿನ ಮುಂಚೆ ಈದಿದ್ದಳು, ದಿನ ತುಂಬುವ ಮೊದಲೇ. ಗಂಡು. ಅವಳನ್ನು ಹತ್ತಿಸಿದ ಮೇಲೆ ಕರುವನ್ನೂ ಎತ್ತಿಕೊಡಲು ಹೋದೆ. ವ್ಯಾಪಾರಿ ನನ್ನನ್ನು ನೋಡಲೂ ಇಲ್ಲ. "ಅದು ಜಾಗಕ್ಕೆ ದಂಡ, ಇಟ್ಕೊಳ್ಳಿ" ಅಂತ ಹಿಂದಿನ ಬಾಗಿಲು ಹಾಕಿದ. ಲಾರಿ ತಿರುವು ದಾಟುವವರೆಗೆ ಅವಳು ಕೂಗುತ್ತಿದ್ದಳು, ಇದು ನನ್ನ ತೋಳಿನಲ್ಲಿ ಕೂಗುತ್ತಿತ್ತು.

ಊರಲ್ಲಿ ಒಂದು ಲೋಟ ಹಾಲಿಲ್ಲ. ಅಂಗಡಿಗೆ ಹೋಗಿ ಪುಡಿಯ ಪೊಟ್ಟಣ ತಂದೆ. ಹನಿ, ಕಿರೀಟ. ಬಿಸಿನೀರಿನಲ್ಲಿ ಕಲಸಿ ಬಾಟಲಿಯಲ್ಲಿ ಕುಡಿಸಿದೆ. ಆಸೆಯಿಂದ ಕುಡಿಯಿತು. ಮೂರನೇ ದಿನ ಭೇದಿ. ಉಪ್ಪು ಸಕ್ಕರೆಯ ನೀರು ಕೊಟ್ಟೆ, ಗೋಣಿ ಹೊದಿಸಿದೆ, ಒಲೆಯ ಪಕ್ಕ ಮಲಗಿಸಿದೆ. ಈ ಊರಲ್ಲಿ ಎಷ್ಟು ಕರು ಉಳಿಸಿದ್ದೇನೆ ನಿನಗೆ ಗೊತ್ತು. ಐದನೇ ದಿನ ಅದರ ಕಣ್ಣು ಒಳಗೆ ಹೋಗಿತ್ತು, ಆದರೆ ಜೀವ ಬಿಡಲೊಲ್ಲದು. ಆ ಮಧ್ಯಾಹ್ನವೇ ಅಂಚೆಯವನು ನಿನ್ನ ಕಾಗದ ತಂದುಕೊಟ್ಟ. ಅಲ್ಲೇ ಒಲೆಯ ಪಕ್ಕ ಕೂತು ಓದಿದೆ. ಓದಿ ಮುಗಿಸಿ, ಬೆರಳನ್ನು ಅದರ ಬಾಯಿಗಿಟ್ಟು, ಇನ್ನೊಂದು ಕೈಲಿ ಒದ್ದೆ ಬಟ್ಟೆ ಹಿಡಿದೆ. ನಿನ್ನ ಹತ್ತಿರ ಯಂತ್ರವಿದೆ, ಬೇಗ ಆಗುತ್ತದೆ. ನನಗೆ ತುಂಬ ಹೊತ್ತು ಹಿಡಿಯಿತು.

ನೀನು ಬರಬೇಡ. ಸಿಟ್ಟಿನಿಂದ ಹೇಳುತ್ತಿಲ್ಲ. ಬಂದು ಏನು ಮಾಡುತ್ತೀಯ? ಸೈಕಲ್ಲಿಗೆ ಕ್ಯಾನು ಕಟ್ಟಿದರೆ ಕ್ಯಾನಿಗೆ ಏನು ತುಂಬುತ್ತೀಯ? ನಾನು ಈಗ ಫ್ಯಾಕ್ಟರಿಯ ಗೋದಾಮಿನಲ್ಲಿ ಮೂಟೆ ಸೀಳುತ್ತೇನೆ. ಮ್ಯಾನೇಜರಿಗೆ ನನ್ನ ನೆನಪಿತ್ತು. ಗೇಟಿನ ಮುಂದೆ ಹಾಲು ಸುರಿದವಳು ಅಂತ ಗುರುತಿಸಿ, ನಕ್ಕು, ಕೆಲಸ ಕೊಟ್ಟ. ನಿನ್ನ ಪುಡಿ ನಿಂತರೆ ನನ್ನ ಕೂಲಿಯೂ ನಿಲ್ಲುತ್ತದೆ. ಅದೂ ಅಲ್ಲದೆ, ಒಂದೇ ಮನೆಯಲ್ಲಿ ಕೂತು ಒಬ್ಬರ ಕೈ ಒಬ್ಬರು ನೋಡುತ್ತಾ ಉಣ್ಣುವುದು ನನ್ನಿಂದಾಗದು. ನಿನ್ನ ಕೈಗೆ ವಿದ್ಯೆ ಕೊಟ್ಟವಳು ನಾನು. ನಿನ್ನನ್ನು ನೋಡಿದರೆ ಅದು ನೆನಪಾಗುತ್ತದೆ.

ಒಂದು ಉಪಕಾರ ಮಾಡು. ಲ್ಯಾಕ್ಟೋಮೀಟರನಿಗೆ ಅಲ್ಲಿ ಏನಾದರೂ ಕೆಲಸ ಕೊಡಿಸು. ಮನೆಯಲ್ಲಿ ಪಾತ್ರೆ ಪಗಡ ಮಾರಾಯಿತು. ಹೆಂಡತಿ ತವರಿಗೆ ಹೋಗಿ ಕೂತಿದ್ದಾಳೆ. ಅವನ ಕೆಲಸ ಹೋಗಿದ್ದು ನನ್ನಿಂದ, ಆ ಋಣ ಕಳೆದರೆ ಸಾಕಾಗಿದೆ. ಕರುಗಳ ವಿಭಾಗ ಅಂತ ಹೇಳಿದ್ದೇನೆ, ಬೇರೇನೂ ಹೇಳಿಲ್ಲ. ಅವನು ಖುಷಿಯಾಗಿದ್ದಾನೆ.

ಅಕ್ಕ


ಜನವರಿ 25, 2004

ಅಕ್ಕನಿಗೆ,

ಮೂರು ವರ್ಷಕ್ಕೆ ಸಹಿ ಹಾಕಿದೆ. ನನ್ನ ಕೈಕೆಳಗೆ ಇಬ್ಬರನ್ನು ಕೊಡುತ್ತಾರಂತೆ. ಹಸುಗಳು ಮತ್ತೆ ಈಯಲು ಶುರುವಾಗಿವೆ, ಜನ ಸಾಲುತ್ತಿಲ್ಲ.

ಲ್ಯಾಕ್ಟೋಮೀಟರನ ವಿಷಯ ಮೇಸ್ತ್ರಿಗೆ ಹೇಳಿದೆ. ಹೆರಿಗೆ ಮಾಡಿಸಲು ಬರುತ್ತದೆಯೇ ಅಂತ ಕೇಳಿದ. ಬರುವುದಿಲ್ಲ, ಆದರೆ ತಾಳ್ಮೆಯವನು, ಹೇಳಿದ್ದನ್ನು ಗೆರೆ ಹಾಕಿದ ಹಾಗೆ ಮಾಡುತ್ತಾನೆ ಅಂದೆ. ಅಷ್ಟು ಸಾಕು ಅಂದ. ಕಾಗದಪತ್ರ ಈ ಲಕೋಟೆಯಲ್ಲೇ ಇದೆ. ಉಣ್ಣೆಯ ಕಾಲುಚೀಲ ಎರಡು ಜೊತೆ ತರಲಿ, ಸಿಮೆಂಟಿನ ನೆಲ ತುಂಬ ತಣ್ಣಗಿರುತ್ತದೆ. ಒಂದು ದಿನದಲ್ಲಿ ಕಲಿಸುತ್ತೇನೆ. ಮೊದಲ ವಾರ ಅನ್ನ ಸೇರುವುದಿಲ್ಲ, ಆಮೇಲೆ ಸೇರುತ್ತದೆ.

ನೀನು ಅವನಿಗೆ ಹೇಳದೆ ಇದ್ದದ್ದು ಒಳ್ಳೆಯದಾಯಿತು. ಮೊದಲು ವಿಮಾನ ಹತ್ತಲಿ.

ತಮ್ಮ